ಸಿದ್ರಾಮಪ್ಪ ಕಾಕಾನ ಕಠ್ಮಂಡು ನಂಬರು

ಸಿದ್ರಾಮಪ್ಪ ಕಾಕಾನ ಅಂಗಿಗೆ ಜೇಬು ಇರುತ್ತಿರಲಿಲ್ಲ. ಮೊಣಕಾಲ ಹತ್ತಿರ ಬರುವ ಬಿಳಿ ಅಂಗಿ, ಬಿಳಿ ಧೋತರ, ಹೆಗಲ ಮೇಲೊಂದು ಟವೆಲ್ಲು, ಹಣೆ ತುಂಬ ವಿಭೂತಿ. ಹೊಸ ಅಂಗಿ ಹೊಲಿಸುವಾಗ ದರ್ಜಿ ಅಭ್ಯಾಸಬಲದಿಂದ ಜೇಬಿಗೆ ಬಟ್ಟೆ ಕತ್ತರಿಸಲು ಹೋದರೆ ಕೈ ಹಿಡಿದು ನಿಲ್ಲಿಸುತ್ತಿದ್ದರು. "ಬ್ಯಾಡಪಾ. ಜೇಬ ಇಟ್ಟಿ ಅಂದ್ರ ಅದರಾಗ ಏನರ ಇಡಬೇಕಾಗತದ. ಇಟ್ಟದ್ದು ಕಳೀತದ. ನಮಗ್ಯಾಕ ಆ ಫಿಕರ್?" ಅಂಗಡಿಯ ಕೀಲಿ ಮುನೀಮರ ಬಳಿ, ಮನೆಯ ಕೀಲಿ ನೀಲಮ್ಮ ಕಾಕುವಿನ ಸೊಂಟದಲ್ಲಿ. ತಮ್ಮ ಬಳಿ ಹೆಸರೊಂದನ್ನು ಬಿಟ್ಟು ಬೇರೇನೂ ಇಟ್ಟುಕೊಳ್ಳದ ಮನುಷ್ಯ. ಎಲ್ಲಿ ಹೋದರೂ, ಯಾರು ಕೇಳಿದರೂ ಒಂದೇ ಉತ್ತರ: "ಹುಮನಾಬಾದ್ ಸಿದ್ರಾಮಪ್ಪ ಅಂತ ಹೇಳ್ರಿ, ಸಾಕು."

ಅವರು ನಮಗೆ ರಕ್ತಸಂಬಂಧಿಯಲ್ಲ. ಹುಮನಾಬಾದಿನ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಅವರದು ಅಡತಿ ಅಂಗಡಿ. ರೈತರು ತಂದ ತೊಗರಿ, ಉದ್ದು, ಹೆಸರು ಅವರ ಕಟ್ಟೆಯ ಮೇಲೆ ಹರಾಜಾಗುತ್ತಿದ್ದವು. ಅವರ ಹೆಂಡತಿ ನೀಲಮ್ಮ ಮತ್ತು ನನ್ನವ್ವ ಇಬ್ಬರ ತವರೂ ಮಂಠಾಳ. ಒಂದೇ ಓಣಿಯಲ್ಲಿ ಕುಂಟೆಬಿಲ್ಲೆ ಆಡಿ ಬೆಳೆದವರು. ಅವ್ವ ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದಳು, ನೀಲಮ್ಮ ಹುಮನಾಬಾದಿಗೆ ಹೋದರು. ಹಾಗಾಗಿ ನನಗೆ ಅವರು ಕಾಕಾ, ಕಾಕು.

ತೊಂಬತ್ತರ ದಶಕದಲ್ಲಿ ನಾನಿನ್ನೂ ಕಾಲೇಜಿನಲ್ಲಿದ್ದಾಗ ಒಮ್ಮೆ ಕಾಕಾನ ಜೊತೆ ಬ್ಯಾಂಕಿಗೆ ಹೋಗಿದ್ದೆ. ಮ್ಯಾನೇಜರು ಹೊಸಬರು, ದಕ್ಷಿಣದ ಕಡೆಯವರು. ಯಾವುದೋ ಖಾತೆ ತೆರೆಯಲು ನೀವು ಯಾರೆಂಬುದಕ್ಕೆ ಒಂದು ಪುರಾವೆ ಬೇಕು ಎಂದರು. ಕಾಕಾ ಎದ್ದು ಹೊರಗೆ ಹೋಗಿ ಗಂಜಿನ ಕಡೆ ತಿರುಗಿ ಒಂದು ಕೂಗು ಹಾಕಿದರು. ಅವರ ದನಿ ಹರಾಜಿನ ದನಿ. ಸ್ವಲ್ಪ ಹೊತ್ತಿನಲ್ಲಿ ಹಮಾಲರು, ಚಹದಂಗಡಿಯವನು, ತಕ್ಕಡಿ ತೂಗುವವನು, ಕೊನೆಗೆ ಚೌಕಿನ ಪೊಲೀಸನೂ ಬಂದು ಮ್ಯಾನೇಜರ ಮೇಜಿನ ಸುತ್ತ ನಿಂತರು. "ತಗೋರಿ ಸಾಹೇಬ್ರ, ಇವೆಲ್ಲಾ ನನ್ನ ಪುರಾವಾ. ಯಾವದ ಬೇಕೋ ಅದನ್ನ ಇಟಗೋರಿ." ಮ್ಯಾನೇಜರು ನಕ್ಕುಬಿಟ್ಟರು. ಖಾತೆ ಆಯಿತು. ಕಾಗದದ ವಿಷಯದಲ್ಲಿ ಕಾಕಾ ಜೀವನದಲ್ಲಿ ಒಮ್ಮೆಯೂ ಸೋತಿರಲಿಲ್ಲ. ಮುಂದೆ ಮೊಬೈಲು ಬಂದಾಗಲೂ ಸಿಮ್ಮಿಗೆ ಚುನಾವಣೆ ಕಾರ್ಡು, ಫೋಟೋ ಕೇಳುತ್ತಾರೆಂದು ಗೊತ್ತಾಗಿ, ಮಗ ಮಹೇಶನೇ ತನ್ನ ಹೆಸರಿನಲ್ಲಿ ತೆಗೆದುಕೊಟ್ಟ. ಕಾಕಾನ ಕಾರ್ಡು ದೇವರ ಕೋಣೆಯ ಗೂಡಿನಲ್ಲಿ ಊದಿನಕಡ್ಡಿಯ ಪೊಟ್ಟಣದ ಕೆಳಗೆ ಬಿದ್ದಿರುತ್ತಿತ್ತು.

ನೀಲಮ್ಮ ಕಾಕುವಿಗೆ ಮರೆವು ಶುರುವಾದದ್ದು ಮೊಬೈಲು ಬಂದ ಆ ಹೊತ್ತಿಗೇ. ಮೊದಲು ಪಲ್ಯಕ್ಕೆ ಎರಡು ಸಲ ಉಪ್ಪು ಬಿತ್ತು. ಆಮೇಲೆ ಮಹೇಶನನ್ನು ತಮ್ಮನ ಹೆಸರಿನಿಂದ ಕರೆದರು. ಆಮೇಲೆ ದಿನವೂ ಸಂಜೆ ಸೆರಗು ಹೊದ್ದು ಬಾಗಿಲಿಗೆ ಬಂದು ನಿಲ್ಲತೊಡಗಿದರು. "ಮಂಠಾಳಕ್ಕ ಹೋಗೂಣ ನಡೀರಿ. ಅವ್ವ ಹಾದಿ ನೋಡ್ತಿರತಾಳ." ಅವರ ಅವ್ವ ಸತ್ತು ಎಷ್ಟೋ ವರ್ಷವಾಗಿತ್ತು. ಕಾಕಾ ಒಮ್ಮೆಯೂ ಅದನ್ನು ಹೇಳಲಿಲ್ಲ. "ಹೋಗೂಣ ನೀಲಾ, ಚಪ್ಪಲ್ ಹಾಕ್ಕೋ" ಎಂದು ಕೈ ಹಿಡಿದುಕೊಂಡು ಗಂಜಿನ ತನಕ ಹೋಗಿ, ಒಂದು ಸುತ್ತು ಹಾಕಿ ಮರಳಿ ಮನೆಗೆ ಬರುತ್ತಿದ್ದರು. ಬಾಗಿಲಲ್ಲಿ ನಿಂತು "ಬಂತ ನೋಡು ಮಂಠಾಳ" ಅನ್ನುತ್ತಿದ್ದರು. ಕಾಕು ಸಮಾಧಾನದಿಂದ ಒಳಗೆ ಹೋಗುತ್ತಿದ್ದರು. ಹೆಂಡತಿಯ ಕೈ ಹಿಡಿದು ಪೇಟೆಯಲ್ಲಿ ನಡೆಯುವುದು ನಮ್ಮ ಕಡೆ ಯಾರೂ ಮಾಡದ ಕೆಲಸ. ಗಂಜಿನವರು ಮೊದಮೊದಲು ನಕ್ಕರು, ಆಮೇಲೆ ದಾರಿ ಬಿಟ್ಟು ನಿಲ್ಲತೊಡಗಿದರು.

ಒಂದು ಬೇಸಿಗೆ, ಬಸವಕಲ್ಯಾಣದಿಂದ ಕಾಶಿ ಮತ್ತು ಕಠ್ಮಂಡುವಿನ ಪಶುಪತಿನಾಥಕ್ಕೆ ಯಾತ್ರೆಯ ಬಸ್ಸು ಹೊರಟಿತು. ನಾನು ಆಗ ಹೈಸ್ಕೂಲಿನಲ್ಲಿ ಮಾಸ್ತರ, ರಜೆ ಇತ್ತು. ಅವ್ವನ ಜೊತೆ ಹೊರಟೆ. ಕಾಕಾ-ಕಾಕುವೂ ಬಂದರು. ದೇವರ ದರ್ಶನದಿಂದ ಕಾಕುವಿಗೆ ಏನಾದರೂ ಗುಣವಾದೀತೆಂಬ ಆಸೆ ಕಾಕಾನಿಗೆ. ಕಾಶಿ ಚೆನ್ನಾಗಿಯೇ ಆಯಿತು. ಮುಂದೆ ನೇಪಾಳದ ಗಡಿಯಲ್ಲಿ ಪೊಲೀಸನೊಬ್ಬ ಬಸ್ಸಿನೊಳಗೆ ಇಣುಕಿ, ವಿಭೂತಿಯ ಹಣೆಗಳನ್ನು ನೋಡಿ, ಕೈಬೀಸಿ ಬಿಟ್ಟ. ಯಾರ ಕಾಗದವನ್ನೂ ಕೇಳಲಿಲ್ಲ. "ನೋಡ್ದ್ಯಾ ಶಿವು, ಪರದೇಶ ಅಂತಾರ, ಏನೂ ಇಲ್ಲ" ಎಂದರು ಕಾಕಾ ನನ್ನತ್ತ ತಿರುಗಿ. ಒಂದೇ ಬದಲಾವಣೆ ಎಂದರೆ ಗಡಿ ದಾಟಿದ ಮೇಲೆ ನಮ್ಮ ಮೊಬೈಲುಗಳಿಗೆ ಸಿಗ್ನಲ್ ಹೋಯಿತು.

ಅದು ನಡೆದದ್ದು ಪಶುಪತಿನಾಥನ ಗುಡಿಯ ಹೊರಗೆ, ಬೆಳಗಿನ ಹೊತ್ತು. ದರ್ಶನ ಮುಗಿಸಿ ಬಂದಿದ್ದೆವು. ಗದ್ದಲವಿತ್ತು. ಕಾಕಾ ಎಡಗೈಯಲ್ಲಿ ಕಾಕುವಿನ ಕೈ ಹಿಡಿದಿದ್ದರು. ಬಿಹಾರದ ಕಡೆಯ ಯಾತ್ರಿಕರೊಬ್ಬರು ಅವರ ಕೊರಳಿನ ಬೆಳ್ಳಿ ಕರಡಿಗೆಯನ್ನು ನೋಡಿ, ಒಳಗೇನಿದೆ, ನೀವು ಯಾವ ಕಡೆಯವರು ಎಂದು ಕೇಳಿದರು. ಕಾಕಾನಿಗೆ ಉತ್ಸಾಹ ಬಂತು. ಎರಡೂ ಕೈಗಳಿಂದ ಕರಡಿಗೆ ಬಿಚ್ಚಿ ಇಷ್ಟಲಿಂಗ ತೋರಿಸುತ್ತ, "ಹಮ್ ಹುಮನಾಬಾದ್ ಕೆ, ಸಿದ್ರಾಮಪ್ಪ" ಎಂದು ಶುರುಮಾಡಿದರು. ಅವರ ಮಾತು ಮುಗಿದು ಕೈ ಚಾಚಿದಾಗ ಪಕ್ಕದಲ್ಲಿ ಕಾಕು ಇರಲಿಲ್ಲ.

ಮೊದಲು ಯಾರಿಗೂ ಗಾಬರಿಯಾಗಲಿಲ್ಲ. ಹೆಂಗಸರ ಗುಂಪಿನಲ್ಲಿರಬೇಕು ಅಂದುಕೊಂಡೆವು. ಹೆಂಗಸರು ಬಂದರು, ಅವರಲ್ಲಿ ಕಾಕು ಇಲ್ಲ. ಬಾಗಮತಿ ನದಿಯ ಘಾಟು, ಹೂವಿನ ಅಂಗಡಿಗಳು, ಚಪ್ಪಲಿ ಬಿಡುವ ಜಾಗ, ಹೆಣ ಸುಡುವ ಕಟ್ಟೆಗಳು, ಎಲ್ಲ ಕಡೆ ಓಡಿದೆವು. ಕಾಕಾ ಹರಾಜಿನ ದನಿಯಲ್ಲಿ "ನೀಲಾ!" ಎಂದು ಕೂಗಿದರು. ಹುಮನಾಬಾದಿನಲ್ಲಿ ಇಡೀ ಗಂಜಿಗೆ ಕೇಳುತ್ತಿದ್ದ ಆ ದನಿಗೆ ಅಲ್ಲಿ ಕೋತಿಗಳು ಮಾತ್ರ ತಿರುಗಿ ನೋಡಿದವು.

ಪೊಲೀಸ್ ಚೌಕಿಯಲ್ಲಿ ಬರೆದುಕೊಂಡರು. ಹಸಿರು ಇಳಕಲ್ ಸೀರೆ. ಕೊರಳಲ್ಲಿ ಲಿಂಗ. ಯಾವ ಭಾಷೆ? ಕನ್ನಡ. ಅದು ಯಾವುದು ಎಂದು ಆ ಹವಾಲ್ದಾರರಿಗೆ ಗೊತ್ತಿರಲಿಲ್ಲ. ಕಾಕಾ ಮುಂದೆ ಬಾಗಿ, "ಅಕಿ ಮಂಠಾಳ ಮಂಠಾಳ ಅಂತಿರ್ತಾಳ್ರಿ. ಯಾರರ ಮುದುಕಿ ಮಂಠಾಳದ ಹಾದಿ ಕೇಳಿದ್ರ, ಅಕಿನೇ ತಿಳೀರಿ" ಎಂದರು. ನಾನು ಹಿಂದಿಯಲ್ಲಿ ಹೇಳಿದೆ. ಹವಾಲ್ದಾರರು ಒಳ್ಳೆಯವರು. 'ಮಂಠಾಳ' ಎಂದು ಬರೆದುಕೊಂಡು, ತಲೆ ಎತ್ತದೆ ಕೇಳಿದರು: "ಸಿಕ್ಕರೆ ಯಾವ ನಂಬರಿಗೆ ಹೇಳಲಿ?"

ನಮ್ಮ ಬಳಿ ಅಲ್ಲಿಯ ನಂಬರೇ ಇರಲಿಲ್ಲ. ನಾವು ಇಳಿದುಕೊಂಡಿದ್ದ ಲಾಡ್ಜಿನ ಫೋನು ಹತ್ತು ಸಲದಲ್ಲಿ ಒಂದು ಸಲ ಹತ್ತುತ್ತಿತ್ತು. ಕಾಕುವಿನ ಫೋಟೋ ಹಾಕಿ ಕರಪತ್ರ ಮಾಡಿಸಿ ಹಂಚಿ ಎಂದು ಹವಾಲ್ದಾರರೇ ಸಲಹೆ ಕೊಟ್ಟರು. ಕಾಕಾನ ಮಗಳ ಮದುವೆಯ ಗುಂಪು ಫೋಟೋವೊಂದು ಅವ್ವನ ಚೀಲದಲ್ಲಿತ್ತು. ಮುಖ ಬಟಾಣಿಕಾಳಿನಷ್ಟು. ಅದನ್ನು ದೊಡ್ಡದು ಮಾಡಿಸಿದೆವು. ಆದರೆ ನಂಬರಿಲ್ಲದ ಕರಪತ್ರ ಹಂಚಿ ಏನು ಮಾಡುವುದು?

ಗುಡಿಯ ಹತ್ತಿರವೇ ಮೊಬೈಲ್ ಅಂಗಡಿಯೊಂದಿತ್ತು. ನಡುವಯಸ್ಸಿನ, ಕನ್ನಡಕದ ಮನುಷ್ಯ. ಸಿಮ್ ಎಂದ ಕೂಡಲೇ ಪಾಸ್‌ಪೋರ್ಟ್ ಕೇಳಿದರು. ಇಲ್ಲ ಎಂದೆವು. ಹಾಗಾದರೆ ನಿಮ್ಮ ದೇಶದ ಫೋಟೋ ಇರುವ ಗುರುತಿನ ಚೀಟಿ, ಅದರ ಜೊತೆಗೆ ಇಲ್ಲಿರುವ ನಿಮ್ಮ ದೇಶದ ರಾಯಭಾರ ಕಚೇರಿಯ ಪತ್ರ ತನ್ನಿ ಎಂದರು. ನನ್ನ ಬಳಿ ಡ್ರೈವಿಂಗ್ ಲೈಸೆನ್ಸ್ ಇತ್ತು. ಹಳೇ ಕಾಲದ ಪುಸ್ತಕ, ನೀರು ಬಿದ್ದು ಉಬ್ಬಿದ್ದು, ಕನ್ನಡದ ಅಕ್ಷರ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮರಳಿ ಕೊಟ್ಟರು.

"ನಾವು ಪರದೇಶದವರೇನು? ಪಶುಪತಿನಾಥ ನಮ್ಮಾಂವ ಅಲ್ಲೇನು?" ಎಂದರು ಕಾಕಾ. ಆಮೇಲೆ ತಮ್ಮ ದಖನಿ ಉರ್ದುವಿನಲ್ಲಿ, "ಮೇರಿ ಔರತ್ ಗುಮ್ ಹೋಗಯಿ ಭಯ್ಯಾ" ಎಂದರು, ನನ್ನ ಹೆಂಡತಿ ಕಳೆದುಹೋಗಿದ್ದಾಳೆ ಎಂದು.

ಆ ಮನುಷ್ಯನ ಮುಖ ಸಣ್ಣದಾಯಿತು. ಆತ ಕೆಟ್ಟವನಲ್ಲ, ಹೆದರಿದವನು. ದೇಶದಲ್ಲಿ ಗಲಭೆ ನಡೆದಿತ್ತು. ಯಾರೋ ಗುರುತಿಲ್ಲದವರಿಗೆ ಸಿಮ್ ಕೊಟ್ಟು, ಅದರಿಂದ ಏನಾದರೂ ಆದರೆ ಪೊಲೀಸರು ಮೊದಲು ಬರುವುದು ಅಂಗಡಿಗೆ. ನಮ್ಮವರಿಗೇ ಎಷ್ಟು ಬಿಗಿ ಇದೆ ನೋಡಿ ಎಂದು ಅರ್ಜಿಯ ಹಾಳೆ ತೋರಿಸಿದರು. ತಂದೆಯ ಹೆಸರು, ಅಜ್ಜನ ಹೆಸರು, ಎರಡೂ ಹೆಬ್ಬೆಟ್ಟಿನ ಗುರುತು. ಅಜ್ಜನ ಹೆಸರು ಎಂದು ಕೇಳಿದ್ದೇ ತಡ, ಕಾಕಾನಿಗೆ ಎಲ್ಲಿಲ್ಲದ ಧೈರ್ಯ ಬಂತು. "ಮೇರಾ ದಾದಾ ಚನ್ನಬಸಪ್ಪ! ಉನೋ ಬೀ ಹುಮನಾಬಾದ್! ಲಿಖೋ!" ಆತ ಬರೆಯಲಿಲ್ಲ. ಕಾಕಾ ಕರಡಿಗೆಯನ್ನು ಎತ್ತಿ ಹಿಡಿದರು. "ಇದಕ್ಕಿಂತ ದೊಡ್ಡ ಗುರ್ತು ಯಾವದ ಬೇಕ್ರಿ ಮನಶಾಗ?" ಅಂಗಡಿಯವರು ಎದ್ದು ನಿಂತು ಲಿಂಗಕ್ಕೆ ಕೈಮುಗಿದರು, ಕಣ್ಣಿಗೊತ್ತಿಕೊಂಡರು. ಸಿಮ್ ಮಾತ್ರ ಕೊಡಲಿಲ್ಲ.

ನಮ್ಮ ದೇಶದ ಕಚೇರಿಗೆ ಹೋದರೆ ಅಂದು ರಜೆ. ಮರುದಿನ ಹೋದೆವು. ಅಲ್ಲಿಯ ಅಧಿಕಾರಿ ಸಮಾಧಾನದಿಂದ ಕೇಳಿಸಿಕೊಂಡರು, ಪೊಲೀಸರಿಗೆ ತಾವೇ ಫೋನು ಮಾಡಿದರು. ಆದರೆ ನನ್ನ ಉಬ್ಬಿದ ಲೈಸೆನ್ಸಿನ ಫೋಟೋ ಗುರುತು ಸಿಗುವಂತಿಲ್ಲ, ಪತ್ರ ಕೊಡಬೇಕೆಂದರೆ ನೀವು ನಮ್ಮ ದೇಶದವರೆಂಬುದಕ್ಕೆ ಏನಾದರೂ ಬೇಕಲ್ಲ ಎಂದರು. ಊರಿಗೆ ಫೋನು ಹಚ್ಚಿದೆವು. ಮಹೇಶ ಗೂಡಿನಿಂದ ಕಾರ್ಡು ತೆಗೆದು ಫ್ಯಾಕ್ಸ್ ಮಾಡಿಸಿದ. ಬಂದ ಹಾಳೆಯಲ್ಲಿ ಮುಖವಿರಬೇಕಾದ ಕಡೆ ಬರೀ ಕಪ್ಪು ಕಲೆ. ಅಧಿಕಾರಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ಕಾಕಾನನ್ನು ನೋಡಿದರು, ಮತ್ತೆ ಹಾಳೆ ನೋಡಿದರು. ಮೂಲ ಕಾರ್ಡನ್ನು ಯಾರ ಕೈಲಾದರೂ ತರಿಸಿ, ಆ ದಿನವೇ ಪತ್ರ ಕೊಡುತ್ತೇನೆ ಎಂದರು.

"ತರಸ್ತೇನ್ರಿ ಸಾಹೇಬ್ರ," ಎಂದರು ಕಾಕಾ. "ಆದ್ರ ಅಲ್ಲೀತನಾ ಅಕಿ ಏನ್ ತಿಂತಾಳ್ರಿ?"

ಅಧಿಕಾರಿ ಫ್ಯಾಕ್ಸಿನ ಹಾಳೆಯನ್ನು ಮಡಿಸಿ ನನ್ನ ಕೈಗಿಟ್ಟರು. 

ಯಾತ್ರೆಯ ಬಸ್ಸು ಹೊರಡಲೇಬೇಕಿತ್ತು. ಅವ್ವ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿ ಅಳುತ್ತಲೇ ಹೋದಳು. ನಾನು ಕಾಕಾನ ಜೊತೆ ಉಳಿದೆ. ಲಾಡ್ಜಿಗೆ ಮರಳಿದಾಗ ಕಾಕಾ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಕೈಗಳನ್ನು ಮುಂದೆ ಚಾಚಿ ನೋಡಿಕೊಂಡರು. "ಈ ಕೈ ಬಿಟ್ಟೆ ಶಿವು. ನನ್ನ ಹೆಸರ ಹೇಳಾಕ ಅಕಿ ಕೈ ಬಿಟ್ಟೆ. ಎಂಥಾ ಹೆಸರಪಾ ನಂದು? ಇಲ್ಲಿ ಒಂದ್ ಸಿಮ್ ಬರಂಗಿಲ್ಲ ಅದಕ್ಕ."

ಲಾಡ್ಜಿನ ಒಡತಿ ಮಾಯಾ ದೀದಿ ಅಲ್ಲೇ ಮೆಟ್ಟಿಲು ಒರೆಸುತ್ತಿದ್ದರು. ನಲವತ್ತರ ಸುಮಾರಿನ ಹೆಂಗಸು, ಹೆಚ್ಚು ಮಾತಾಡುವವರಲ್ಲ. ಕನ್ನಡ ತಿಳಿಯದಿದ್ದರೂ ಅವರಿಗೆ ಎಲ್ಲ ತಿಳಿದಂತಿತ್ತು. ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕಿ, ಒಳಗೆ ಹೋಗಿ ತಮ್ಮ ನಾಗರಿಕತ್ವದ ಕಾಗದ ಹಿಡಿದುಕೊಂಡು ಬಂದರು. ನಡೆಯಿರಿ ಎಂದರು. ಅದರಿಂದ ಅವರಿಗೆ ತೊಂದರೆಯಾಗಬಹುದು ಎಂದು ನಾನೇ ಹೇಳಿದೆ. ಅವರು ದಾರಿಯಲ್ಲಿ ನಿಧಾನವಾಗಿ ಹಿಂದಿಯಲ್ಲಿ ಹೇಳಿದ್ದು ಇಷ್ಟು: ಅವರ ಗಂಡ ನಮ್ಮ ದೇಶದ ಯಾವುದೋ ಊರಿನಲ್ಲಿ ಕಾವಲುಗಾರ. ಅಲ್ಲಿಂದ ಆಗಾಗ ಫೋನು ಮಾಡುತ್ತಿದ್ದ. ಈಗ ಬಹಳ ಕಾಲದಿಂದ ಅದೂ ಇಲ್ಲ. "ಅಲ್ಲಿ ಯಾರೋ ತಮ್ಮ ಹೆಸರಿನಲ್ಲಿ ಅವನಿಗೆ ಸಿಮ್ ಕೊಡಿಸಿದ್ದರು. ಅವರು ಹೆದರಿದ್ದರೆ, ಅಷ್ಟಾದರೂ ದನಿ ನನಗೆ ಕೇಳುತ್ತಿರಲಿಲ್ಲ."

ಅಂಗಡಿಯಲ್ಲಿ ಅವರು ತಮ್ಮ ಅಜ್ಜನ ಹೆಸರು ಬರೆಸಿದರು. ಎರಡೂ ಹೆಬ್ಬೆರಳನ್ನು ಶಾಯಿಯಲ್ಲಿ ಅದ್ದಿ ಒತ್ತಿದರು. ಕಾಕಾ ಆ ನೀಲಿ ಹೆಬ್ಬೆರಳುಗಳನ್ನೇ ನೋಡುತ್ತ ನಿಂತಿದ್ದರು. ಹೊರಗೆ ಬಂದ ಮೇಲೆ ಬಗ್ಗಿ ದೀದಿಯ ಕಾಲು ಮುಟ್ಟಲು ಹೋದರು. ಅವರು ಎರಡು ಹೆಜ್ಜೆ ಹಿಂದೆ ಸರಿದು ನಮಸ್ಕಾರ ಮಾಡಿದರು.

ಅಂದೇ ಕರಪತ್ರಗಳು ಅಚ್ಚಾದವು. ಗೋಡೆಗಳಿಗೆ, ಬಸ್ಸುಗಳಿಗೆ, ಅಂಗಡಿಗಳ ಬಾಗಿಲಿಗೆ ಅಂಟಿಸಿದೆವು. ಫೋನು ಬರತೊಡಗಿತು. ಪ್ರತಿ ಸಲ ಅದು ಸದ್ದು ಮಾಡಿದಾಗ ಕಾಕಾ "ನೀಲಾ?" ಎಂದೇ ಎತ್ತುತ್ತಿದ್ದರು. ಆ ಕಡೆಯಿಂದ ನೇಪಾಳಿ ಮಾತು. ಫೋನನ್ನು ನನಗೆ ಕೊಡುತ್ತಿದ್ದರು, ನಾನು ದೀದಿಗೆ ಕೊಡುತ್ತಿದ್ದೆ. ದೀದಿ ಕೇಳಿಸಿಕೊಳ್ಳುವಾಗ ಅವರ ಮುಖವನ್ನೇ ಓದುತ್ತ ನಿಲ್ಲುತ್ತಿದ್ದೆವು. ಹಸಿರು ಸೀರೆಯ ಮುದುಕಿ ಭಕ್ತಪುರದಲ್ಲಿದ್ದಾಳೆ ಎಂದರು, ಓಡಿದೆವು, ಅಲ್ಲ. ಒಂದು ಆಸ್ಪತ್ರೆಯ ಶವಾಗಾರಕ್ಕೆ ಕರೆದರು. ಕಾಕಾನನ್ನು ಹೊರಗೆ ಕೂರಿಸಿ ನಾನು ಒಳಗೆ ಹೋಗಿ ನೋಡಿ ಬಂದೆ. ತಲೆ ಅಲ್ಲಾಡಿಸಿದೆ. ಅವರು ಎದ್ದು ಆ ಸತ್ತವಳ ಸಲುವಾಗಿ ಕೈಮುಗಿದರು.

ಕಾಕು ಸಿಗಲಿಲ್ಲ. ಮಹೇಶ ಮೂಲ ಕಾರ್ಡು ಹಿಡಿದುಕೊಂಡು ಬಂದ. ಆಗ ಅದರಿಂದ ಆಗುವ ಕೆಲಸ ಏನೂ ಉಳಿದಿರಲಿಲ್ಲ. ನನ್ನ ರಜೆ ಮುಗಿಯಿತು, ನಾನು ಬಂದೆ. ಮಳೆಗಾಲ ಹಿಡಿದ ಮೇಲೆ ಮಹೇಶ ಅಪ್ಪನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಊರಿಗೆ ತಂದ. ಮೊಬೈಲನ್ನು ಮಾಯಾ ದೀದಿಯ ಬಳಿ ಬಿಟ್ಟು ಬಂದರು. ಸಿಮ್ ಆ ದೇಶದಲ್ಲಿ ಮಾತ್ರ ನಡೆಯುವಂಥದ್ದು. ಗೋಡೆಗಳ ಮೇಲೆ ಅದೇ ನಂಬರಿತ್ತು. ಅದು ಆರಿದರೆ ಕಾಕುವಿಗೆ ಮರಳಿ ಬರುವ ದಾರಿಯೇ ಇರುವುದಿಲ್ಲ ಎಂದು ಕಾಕಾ ನಂಬಿದ್ದರು. ದೀದಿ ಅದನ್ನು ದೇವರ ದೀಪದಂತೆ ಚಾರ್ಜಿಗೆ ಹಾಕುತ್ತ ಹೋದರು.

ಊರಿಗೆ ಬಂದ ಕಾಕಾ ಬೇರೆಯೇ ಮನುಷ್ಯ. ಅಂಗಿಗೆ ಜೇಬು ಹೊಲಿಸಿದರು. ಅದರಲ್ಲಿ ಚುನಾವಣೆ ಕಾರ್ಡು, ಅದರ ಝೆರಾಕ್ಸ್‌ಗಳು, ಫೋಟೋಗಳು. ಓಡಾಡಿ ಪಾಸ್‌ಪೋರ್ಟನ್ನೂ ಮಾಡಿಸಿದರು. ಯಾರೂ ಕೇಳದಿದ್ದರೂ ತೆಗೆದು ತೋರಿಸುತ್ತಿದ್ದರು. "ನೀನೂ ಮಾಡಿಸ್ಕೋಪಾ. ನಾವು ಯಾರು ಅಂತ ನಮಗ ಗೊತ್ತಿದ್ರ ಸಾಲಂಗಿಲ್ಲ." ಹೆಸರು ಹೇಳುವುದನ್ನು ನಿಲ್ಲಿಸಿಬಿಟ್ಟರು. ಹರಾಜು ಕೂಗುವ ಕೆಲಸ ಮಹೇಶನದಾಯಿತು. ವರ್ಷಕ್ಕೊಮ್ಮೆ, ತೊಗರಿಯ ಹಂಗಾಮು ಮುಗಿದ ಮೇಲೆ ಒಬ್ಬರೇ ಕಠ್ಮಂಡುವಿಗೆ ಹೋಗುತ್ತಿದ್ದರು. ಹರಿದ ಕರಪತ್ರಗಳ ಮೇಲೆ ಹೊಸದು ಅಂಟಿಸಿ, ಅಂಗಡಿಯ ಕನ್ನಡಕದವರ ಬಳಿ ಚಹ ಕುಡಿದು ಬರುತ್ತಿದ್ದರು. ನಂಬರನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಎಂದು ಆತ ಹೇಳಿದಾಗ ಬೇಡವೆಂದರಂತೆ. ಬದಲಿಸುವಾಗ ಏನಾದರೂ ತಪ್ಪಾಗಿ ನಂಬರೇ ಹೋದರೆ ಎಂಬ ಹೆದರಿಕೆ.

ಕೆಲವು ವರ್ಷ ಹೀಗೆ ಹೋಯಿತು. ಒಂದು ಮಧ್ಯಾಹ್ನ ಶಾಲೆಯಲ್ಲಿದ್ದಾಗ ಕಾಕಾನ ಫೋನು ಬಂತು.  "ಶಿವು, ಸಿಕ್ಕಾಳಂತ."

ದೀದಿ ತಿಳಿಸಿದ್ದರು. ಪಟ್ಟಣದ ಹೊರಗೆ ದಿಕ್ಕಿಲ್ಲದ ಮುದುಕರನ್ನು ಇಟ್ಟುಕೊಳ್ಳುವ ಆಶ್ರಮವೊಂದರಿಂದ ಆ ನಂಬರಿಗೆ ಕರೆ ಬಂದಿತ್ತು. ಒಬ್ಬ ಮುದುಕಿ ಇದ್ದಾಳೆ, ದಕ್ಷಿಣದ ಕಡೆಯವಳು, ಆಕೆಯ ಮಾತು ಯಾರಿಗೂ ತಿಳಿಯುತ್ತಿಲ್ಲ, ಊರು ಊರು ಎನ್ನುತ್ತಾಳೆ ಎಂದಿದ್ದರು. ನಾನು ರಜೆ ಹಾಕಿ ಕಾಕಾನ ಜೊತೆ ಹೊರಟೆ. ರೈಲಿನಲ್ಲಿ ಅವರು ಊಟ ಮಾಡಲಿಲ್ಲ. ಅವ್ವ ಕೊಟ್ಟಿದ್ದ ಜೋಳದ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. "ಅಕಿಗಿ ಬೇಕಾಗತಾವ. ಇಷ್ಟ ದಿನ ಅನ್ನ ತಿಂದು ಬ್ಯಾಸತ್ತಿರತಾಳ." ಗಂಟನ್ನು ಇನ್ನೊಮ್ಮೆ ಬಿಗಿದು, "ಅಕಿಗಿ ನನ್ನ ಗುರ್ತು ಸಿಗದಿದ್ರೂ ಚಿಂತಿಲ್ಲ ಶಿವು. ನನಗ ಅಕಿ ಗುರ್ತು ಅದಲ್ಲ" ಎಂದರು.

ಆಶ್ರಮದ ಅಂಗಳದಲ್ಲಿ ಆಕೆ ನಮ್ಮ ಕಡೆ ಬೆನ್ನು ಮಾಡಿ ಬಿಸಿಲಿಗೆ ಕುಳಿತಿದ್ದರು. ತಲೆಯ ಮೇಲೆ ಸೆರಗು. ಅದೇ ಗಿಡ್ಡ ದೇಹ, ಅದೇ ಒಂದು ಹೆಗಲು ಇಳಿದ ಭಂಗಿ.  ಕಾಕಾ ಓಡಲಿಲ್ಲ. ಹೆದರಿಸಬಾರದೆಂಬಂತೆ ಮೆಲ್ಲಗೆ ಹೋಗಿ, ಪಿಸುದನಿಯಲ್ಲಿ "ನೀಲಾ" ಎಂದರು.

ಆಕೆ ತಿರುಗಿದರು. ಅದು ಕಾಕು ಅಲ್ಲ.

ಕಾಕಾ ಹಾಗೇ ನಿಂತರು. ಆ ಮುದುಕಿ ಅವರನ್ನು ಮೇಲಿಂದ ಕೆಳಗೆ ನೋಡಿ, ಧೋತರ ನೋಡಿ, ಮರಾಠಿಯಲ್ಲಿ ಕೇಳಿದರು: "ತುಮ್ಚ ಗಾಂವ್ ಕೋಣ್ತ, ಬಾಬಾ?" ನಿಮ್ಮ ಊರು ಯಾವುದು ಎಂದು. ಗಂಜಿನಲ್ಲಿ ಉಮರ್ಗಾ, ಲಾತೂರಿನ ರೈತರ ಜೊತೆ ದಿನವೂ ಮರಾಠಿ ಆಡಿದ ಬಾಯಿ ಕಾಕಾನದು. ತಮಗೇ ತಿಳಿಯದಂತೆ ಮರಾಠಿಯಲ್ಲೇ ಉತ್ತರ ಕೊಟ್ಟರು. ತನ್ನ ಮಾತಿಗೆ ತನ್ನ ಮಾತಿನಲ್ಲೇ ಉತ್ತರ ಬಂದದ್ದು ಕೇಳಿ ಮುದುಕಿ ಅವರ ಎರಡೂ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತರು. ಕಾಕಾ ನೆಲಕ್ಕೆ ಕುಳಿತು ಅವರೂ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಕೆ ತನ್ನ ಸಲುವಾಗಿ, ಇವರು ತಮ್ಮ ಸಲುವಾಗಿ.

ಅತ್ತು ಮುಗಿದ ಮೇಲೆ ಗಂಟು ಬಿಚ್ಚಿ ರೊಟ್ಟಿ ಕೊಟ್ಟರು. ಮುದುಕಿ ಮುರಿದು ಮುರಿದು ತಿಂದರು. ಆಕೆ ಹೇಳಿದ್ದು ಇಷ್ಟು: ಲಾತೂರಿನ ಕಡೆಯ ಒಂದು ಹಳ್ಳಿ, ಬೇರೊಂದು ಯಾತ್ರೆಯ ಬಸ್ಸು, ಇಂಥದೇ ಗದ್ದಲ. ಎದ್ದು ನಿಂತ ಕಾಕಾ, "ಇಕಿನ್ನ ಬಿಟ್ಟು ಹ್ಯಾಂಗ ಹೋಗಲಿ ಶಿವು?" ಎಂದರು. ಆಶ್ರಮದವರು ನೀವು ಯಾರು, ಇವರಿಗೆ ಏನಾಗಬೇಕು ಎಂದು ಕೇಳಿದರು. ಕಾಕಾ ಜೇಬಿನಿಂದ ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟರು. ಪೊಲೀಸರಿಗೆ ತಿಳಿಸಿ, ಸಹಿ ಮಾಡಿಸಿಕೊಂಡು, ಮುದುಕಿಯನ್ನು ನಮ್ಮ ಜೊತೆ ಕಳಿಸಿದರು.

ಆ ಹಳ್ಳಿಯ ಮನೆಯನ್ನು ನಾನು ಮರೆಯಲಾರೆ. ಒಳಗೆ ಗೋಡೆಯ ಮೇಲೆ ಆಕೆಯ ಫೋಟೋ, ಅದಕ್ಕೆ ಹಾರ, ಕುಂಕುಮ. ಕ್ರಿಯಾಕರ್ಮ ಎಲ್ಲ ಮುಗಿಸಿಬಿಟ್ಟಿದ್ದರು. ಮಗ ಬಾಗಿಲಲ್ಲಿ ತಾಯಿಯನ್ನು ನೋಡಿ ಕಂಬ ಹಿಡಿದು ನಿಂತ. ಮುದುಕಿ ಯಾರನ್ನೂ ಬೈಯಲಿಲ್ಲ. ಒಳಗೆ ಹೋಗಿ ಕೈ ಚಾಚಿ ಫೋಟೋದ ಹಾರವನ್ನು ತಾವೇ ತೆಗೆದು, ಮಡಿಸಿ, ಕಿಟಕಿಯಲ್ಲಿಟ್ಟು, ನೀರು ಕೇಳಿದರು. ಮಗ ಕಾಕಾನ ಕಾಲು ಹಿಡಿದುಕೊಂಡ, ಬಿಡಲಿಲ್ಲ.

ಮರಳುವಾಗ ಬಸ್ಸಿನಲ್ಲಿ ಕಾಕಾ ಹೇಳಿದರು: "ನೋಡ್ದಿ? ಅವರು ಮುಗಿಸಿದ್ರು. ಅಕಿ ಬದಕಿದ್ಲು."

ಆಮೇಲೆ ಯಾರ ಮಾತನ್ನೂ ಅವರು ಕೇಳಲಿಲ್ಲ. ಮಂಠಾಳದಲ್ಲಿ ಕಾಕುವಿನ ಹೆಸರಿನಲ್ಲಿ ತವರಿನ ಒಂದಿಷ್ಟು ಹೊಲವಿತ್ತು. ಅದನ್ನು ಮಕ್ಕಳ ಹೆಸರಿಗೆ ಮಾಡಬೇಕೆಂದರೆ ಕಾಕು ಇಲ್ಲವೆಂಬ ಕಾಗದ ಬೇಕು. ಕಾಕುವಿನ ತಮ್ಮ ಬಂದು ಕುಳಿತು, "ಒಂದ್ ಸಲ ಕ್ರಿಯಾ ಮಾಡಿ ಮುಗಸ್ರಿ ಭಾವ, ಅಕ್ಕನ ಜೀವಕ್ಕೂ ಶಾಂತಿ ಸಿಗತದ" ಎಂದ. ಮಹೇಶನೂ ಅದನ್ನೇ ಹೇಳಿದ. ಸಿಟ್ಟಿನಿಂದಲ್ಲ, ದಣಿದು ಹೇಳಿದ. "ಅಪ್ಪಾ, ಎಷ್ಟ ದಿನಾ ಹೀಂಗ ಅರ್ಧಕ್ಕ ನಿಂತಿರೂದು?" ಕಾಕಾ ಎದ್ದು ಹೋದರು. ಹೊಲ ಹಾಗೇ ಉಳಿಯಿತು. ಮಹೇಶ ಅಪ್ಪನ ಜೊತೆ ಕೆಲವು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಗಂಜಿನಲ್ಲಿ. ತೊಗರಿ ಬರುವ ಕಾಲ, ಕಟ್ಟೆಯ ತುಂಬ ರಾಶಿ. ಆ ವರ್ಷ ಎದೆನೋವೆಂದು ಡಾಕ್ಟರು ಪ್ರಯಾಣ ಬೇಡವೆಂದಿದ್ದರು. ಚೀಲಗಳ ಮೇಲೆ ಕುಳಿತಿದ್ದರು, ಬಹಳ ಸೊರಗಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

"ಶಿವು, ಒಂದ್ ಮಾತು. ಯಾರಿಗೂ ಹೇಳಿಲ್ಲ. ಅಕಿ ದನಿ ಮರತ ಹೋಗ್ಯಾದ ನನಗ."

ಅಂಗೈಯಲ್ಲಿದ್ದ ತೊಗರಿಯನ್ನು ರಾಶಿಗೆ ಚೆಲ್ಲಿದರು.

"ಮುಖ ನೆನಪ ಅದ. ನಡಗಿ ನೆನಪ ಅದ. ದನಿ ಬರವಲ್ಲದು. ಕಣ್ಣ ಮುಚ್ಚಿ ಕುಂತ್ ನೋಡೇನಿ, ಬರವಲ್ಲದು. ನಾಳಿ ಅಕಿನೇ ಫೋನ್ ಹಚ್ಚಿದ್ಲು ಅಂದ್ರ, ಇಕಿನೇ ಅಂತ ನಾ ಹ್ಯಾಂಗ ತಿಳೀಲಿ?"

"ಮಂಠಾಳಕ್ಕ ಹೋಗೂಣ ನಡೀರಿ ಅಂತಾಳ್ರಿ ಕಾಕಾ," ಎಂದೆ. "ಅದರ ಮ್ಯಾಲ ತಿಳೀತದ."

ಅವರು ತಲೆಯಾಡಿಸಿದರು. ಹೌದು, ಅದು ಸರಿ, ಎಂದು ತಮಗೇ ಹೇಳಿಕೊಂಡರು. ಚಹ ತರಿಸಿದರು. ನನ್ನ ಮಕ್ಕಳ ಓದಿನ ಬಗ್ಗೆ ಕೇಳಿದರು. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಅದೇ ಹಂಗಾಮಿನಲ್ಲಿ, ಅಂಗಡಿಯಲ್ಲೇ, ಗೋಡೆಗೆ ಒರಗಿ ಕುಳಿತವರು ಹಾಗೇ ಹೋದರು. ಸುದ್ದಿ ಕೇಳಿ ಅವ್ವನನ್ನು ಕರೆದುಕೊಂಡು ಹುಮನಾಬಾದಿಗೆ ಹೋದೆ. ಅವರ ಹೊಲದಲ್ಲೇ ಮಣ್ಣು ಮಾಡಿದರು. ಗಂಜು ಅಂದು ಬಂದ್ ಆಗಿತ್ತು. ನಾನು ಕಠ್ಮಂಡುವಿಗೆ ಫೋನು ಮಾಡಿ ಹೇಳಿದೆ. ಆ ಫೋನನ್ನು ಆರಲು ಬಿಡುವುದಿಲ್ಲ ಎಂದರು ಮಾಯಾ ದೀದಿ. 

ಮಣ್ಣು ಮುಗಿಸಿ ಬಂದು ಅಂಗಳದಲ್ಲಿ ಕುಳಿತಿದ್ದಾಗ ಪತ್ರಿಕೆಗೆ ಸುದ್ದಿ ಕಳಿಸುವ ಪರಿಚಯದವರೊಬ್ಬರು ಬಂದರು. ನಿಧನ ವಾರ್ತೆ ಹಾಕಬೇಕು, ವಿವರ ಹೇಳಿ ಎಂದರು. ಮಹೇಶ ಹೇಳುತ್ತ ಹೋದ. ಹೆಸರು, ವಯಸ್ಸು, ಅಡತಿ ವ್ಯಾಪಾರ. ಅವರು ಬರೆದುಕೊಳ್ಳುತ್ತ, "ಯಾರ್ ಯಾರು ಅದಾರ್ರಿ ಹಿಂದ?" ಎಂದು ಕೇಳಿದರು. ಮಹೇಶ ಮಾತು ನಿಲ್ಲಿಸಿದ. ಸೋದರಮಾವ ಅವನನ್ನೇ ನೋಡುತ್ತಿದ್ದ. ಒಳಗಿನಿಂದ ಹೆಂಗಸರ ಅಳು ಕೇಳುತ್ತಿತ್ತು.

"ಬರಕೋರಿ," ಎಂದ ಮಹೇಶ.

ಮರುದಿನ ಬಸವಕಲ್ಯಾಣದಲ್ಲಿ ಪತ್ರಿಕೆ ತೆರೆದೆ. ಒಳಪುಟದ ಮೂಲೆಯಲ್ಲಿ ಕಾಕಾನ ಸಣ್ಣ ಫೋಟೋ, ಅದರ ಕೆಳಗೆ ನಾಲ್ಕು ಸಾಲು. ಕೊನೆಯ ಸಾಲು ಹೀಗಿತ್ತು: 'ಮೃತರಿಗೆ ಪತ್ನಿ, ಒಬ್ಬ ಪುತ್ರ, ಒಬ್ಬ ಪುತ್ರಿ ಇದ್ದಾರೆ.'